ನನ್ನ ಬೇಸ್ ಆಂಪ್‌ನ ಐದು ತಿಂಗಳ ರಿಪೇರಿ ಪುರಾಣ

ಮೊನ್ನೆ ನನ್ನ ಬೇಸ್ ಗಿಟಾರ್‌ನ ಆಂಪ್ (ಆಂಪ್ಲಿಫೈಯರ್) ಮನೆಗೆ ವಾಪಸ್ ಬಂತು. ಕೆಟ್ಟು ಐದು ತಿಂಗಳಾಗಿತ್ತು. ಇಬ್ಬರು ರಿಪೇರಿಯವರ ಕೈ ದಾಟಿ, ಎರಡು ಫ್ಯೂಸ್ ಸುಟ್ಟುಕೊಂಡು, ಕೊಂಡ ಬೆಲೆಯ ಅರ್ಧದಷ್ಟು ದುಡ್ಡು ನುಂಗಿ ಬಂದಿದೆ. ಅದರಲ್ಲಿ ಮುಕ್ಕಾಲು ಪಾಲು ನನ್ನ ಅವಸರಕ್ಕೆ ನಾನೇ ತೆತ್ತ ದಂಡ. ಇದೇ ದಾರಿಯಲ್ಲಿ ಹೊರಟವರು ಇನ್ನೂ ಯಾರಾದರೂ ಇದ್ದರೆ ಓದಿಕೊಳ್ಳಲಿ ಅಂತ, ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಮೊದಲು ಆಸಾಮಿಯ ಪರಿಚಯ. ಸೆಕೆಂಡ್ ಹ್ಯಾಂಡ್ ಆಂಪ್, ವಯಸ್ಸು ಸುಮಾರು ಹದಿನೈದು. ಸದ್ದು ಹಿಗ್ಗಿಸುವ ಪೆಟ್ಟಿಗೆ, ಅಂದರೆ ಹೆಡ್, ಬೇರೆ; ಸ್ಪೀಕರ್ ಕ್ಯಾಬಿನೆಟ್ ಬೇರೆ. ಹೆಡ್ಡಿನಲ್ಲಿ ಸಿಗ್ನಲ್ ಮೊದಲು ಹೋಗುವ ಪ್ರಿಆಂಪ್ ಭಾಗದಲ್ಲಿ 12ಎಎಕ್ಸ್7 ಅನ್ನುವ ಒಂದು ಪುಟ್ಟ ವಾಲ್ವ್ (ಗಾಜಿನ ಕೊಳವೆ) ಇದೆ, ಪವರ್ ಭಾಗ ಪೂರ್ತಿ ಟ್ರಾನ್ಸಿಸ್ಟರ್. ಸ್ಪೀಕರ್ ಕಡೆಯ ತಡೆ, ಅಂದರೆ ಲೋಡ್, 4 ಓಮ್ ಇದ್ದರೆ 300 ವ್ಯಾಟ್. ಕ್ಯಾಬಿನೆಟ್‌ನಲ್ಲಿ 10 ಇಂಚಿನ ನಾಲ್ಕು ಸ್ಪೀಕರ್, ಒಟ್ಟು 8 ಓಮ್. ಒಳಗಿರುವ ಟ್ರಾನ್ಸ್‌ಫಾರ್ಮರ್ ದೆಸೆಯಿಂದ ಹೆಡ್ ಒಂದೇ ಎತ್ತಿದರೆ ಸೊಂಟ ಹಿಡಿಯುತ್ತದೆ. ಈಗ ಬರುವ, ಕ್ಲಾಸ್ ಡಿ ಅನ್ನುವ ಹಗುರ ಬಗೆಯ ಹೆಡ್‌ಗಳು ಎರಡು ಮೂರು ಕೆಜಿ ತೂಗುತ್ತವೆ, ಬೆನ್ನಿನ ಚೀಲದಲ್ಲೇ ಹಿಡಿಸುತ್ತವೆ. "ಅದನ್ನೇ ತಗೋಬಾರದಾ?" ಅಂತ ಎಲ್ಲರೂ ಕೇಳಿದರು. ಹಳೆಯದರ ಒಳಗೆ ಒಂದೊಂದು ಬಿಡಿಭಾಗವೂ ಕಣ್ಣಿಗೆ ಕಾಣುತ್ತದೆ, ಬಿಚ್ಚಿ ಬದಲಾಯಿಸಬಹುದು ಅನ್ನುವುದು ನನ್ನ ವಾದವಾಗಿತ್ತು. ಈಗಲೂ ಅದೇ ವಾದ, ದನಿ ಮಾತ್ರ ಸ್ವಲ್ಪ ತಗ್ಗಿದೆ.

ಶುರುವಾಗಿದ್ದು ಪ್ರಾಕ್ಟೀಸ್ ಮಾಡುವಾಗ. ಮೂರನೇ ಹಾಡಿನ ಮಧ್ಯೆ ನನ್ನ ಸದ್ದು ನೀರಿನಲ್ಲಿ ಮುಳುಗಿದ ಹಾಗೆ ಇಳಿದುಹೋಯಿತು. ಪೂರ್ತಿ ಸತ್ತಿರಲಿಲ್ಲ. ದೂರದಲ್ಲೆಲ್ಲೋ ಯಾರೋ ನುಡಿಸುತ್ತಿರುವ ಹಾಗೆ. ಗಾಬರಿಯಾಗಿ ಒಂದು ಸಲ ಜೋರಾಗಿ ಮೀಟಿದೆ, ಧಡಕ್ ಅಂತ ವಾಪಸ್ ಬಂತು. ಡ್ರಮ್ಮರ್ ಬೆಚ್ಚಿಬಿದ್ದ. ಹತ್ತು ನಿಮಿಷ ಬಿಟ್ಟು ಮತ್ತೆ ಅದೇ ಕಥೆ.

ನನ್ನ ಬೇಸ್‌ನಲ್ಲಿ 9 ವೋಲ್ಟ್ ಬ್ಯಾಟರಿ ಇದೆ. ಅದು ಮುಗಿಯುತ್ತ ಬಂದರೆ ಸದ್ದು ಒಡೆಯುತ್ತದೆ, ಸೊರಗುತ್ತದೆ. ಬದಲಾಯಿಸಿದೆ. ಕೇಬಲ್ ಬದಲಾಯಿಸಿದೆ. ಏನೂ ಆಗಲಿಲ್ಲ. ಅಷ್ಟಕ್ಕೇ "ವಾಲ್ವ್ ಹೋಗಿದೆ" ಅಂತ ನಾನೇ ತೀರ್ಪು ಕೊಟ್ಟುಬಿಟ್ಟೆ. ಆಂಪ್‌ನಲ್ಲಿ ಒಂದು ವಾಲ್ವ್ ಇದ್ದರೆ ಸಾಕು, ಊರಿನ ತಪ್ಪೆಲ್ಲ ಅದರ ತಲೆಗೆ. ಹೊಸದನ್ನು ಆರ್ಡರ್ ಮಾಡಿ ಎರಡು ವಾರ ಕಾದೆ, ಹಾಕಿದೆ, ಹದಿನೈದು ನಿಮಿಷದಲ್ಲಿ ಸದ್ದು ಮತ್ತೆ ಮುಳುಗಿತು. ವಾಲ್ವ್ ಕೆಟ್ಟಾಗ ಸಾಮಾನ್ಯವಾಗಿ ಬುಸ್ಸೆನ್ನುತ್ತದೆ, ಚಟಪಟ ಅನ್ನುತ್ತದೆ. ಆಂಪ್ ಆನ್ ಇರುವಾಗ ಪೆನ್ಸಿಲ್ ತುದಿಯಿಂದ ಮೆಲ್ಲಗೆ ತಟ್ಟಿದರೆ ಸ್ಪೀಕರ್‌ನಲ್ಲಿ ಟಣ್ ಅಂತ ಕೇಳಿಸುತ್ತದೆ. ನನ್ನದರಲ್ಲಿ ಇದ್ಯಾವುದೂ ಇರಲಿಲ್ಲ. ಕೊಳ್ಳುವ ಮೊದಲೇ ತಟ್ಟಿ ನೋಡಬಹುದಿತ್ತು, ಅಲ್ವಾ? ನೋಡಲಿಲ್ಲ.

ಮೊದಲನೇ ರಿಪೇರಿಯವರ ವಿಷಯ ಜಾಸ್ತಿ ಹೇಳುವುದಿಲ್ಲ. ಅವರು ಕೊಟ್ಟ ಚೀಟಿಯಲ್ಲಿ "ಸೌಂಡ್ ಪ್ರಾಬ್ಲಂ" ಅಂತ ಬರೆದಿತ್ತು, ಅಷ್ಟೇ. ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂರು ವಾರ ಕಳೆದ ಮೇಲೆ ಫೋನ್ ಮಾಡಿದರೆ "ಬೋರ್ಡೇ ಹೋಗಿದೆ ಸಾರ್, ಪೂರ್ತಿ ಬದಲಾಯಿಸಬೇಕು" ಅಂದರು. ಹೇಳಿದ ಮೊತ್ತ ಆಂಪ್ ಕೊಂಡ ಬೆಲೆಯ ಮೂರನೇ ಒಂದು ಭಾಗ. ನಾನು ಹಿಂದೆಮುಂದೆ ನೋಡಿದ್ದಕ್ಕೆ, "ಹಾಗಾದರೆ ಸರ್ಕ್ಯೂಟ್ ನಕ್ಷೆ ತರಿಸಿ ಕೊಡಿ, ನೋಡೋಣ" ಅಂದರು.

ನಕ್ಷೆಗೆ ತಯಾರಕರಿಗೆ ಇಮೇಲ್ ಬರೆದೆ. ಸೀರಿಯಲ್ ನಂಬರ್ ಮತ್ತು ಮಾಡೆಲ್‌ನ ಪೂರ್ತಿ ಹೆಸರು ಕೇಳಿದರು. ಒಂದೇ ಹೆಸರಿನ ಆಂಪ್‌ಗೆ ಎರಡು ಮೂರು ಬಗೆಯ ಬೋರ್ಡ್ ಬಂದಿರುತ್ತದೆ, ನಂಬರ್ ನೋಡಿಯೇ ಯಾವುದು ಅಂತ ಹೇಳಬೇಕು. ನನ್ನ ಆಂಪ್‌ನ ಸ್ಟಿಕ್ಕರ್ ಅರ್ಧ ಅಳಿಸಿಹೋಗಿತ್ತು, ಆಂಪ್ ಆಗ ರಿಪೇರಿ ಅಂಗಡಿಯಲ್ಲೇ ಇತ್ತು. ಹೋಗಿ, ಟಾರ್ಚ್ ಓರೆಯಾಗಿ ಹಿಡಿದು, ಫೋಟೊ ತೆಗೆದು ಕಳಿಸಿದೆ. ನಕ್ಷೆ ಕೈಗೆ ಬರುವಷ್ಟರಲ್ಲಿ 19 ದಿನ. ನೀವು ಆಂಪ್ ಕೊಂಡ ದಿನವೇ ಹಿಂಭಾಗದ ಸ್ಟಿಕ್ಕರ್, ಫ್ಯೂಸ್ ಪಕ್ಕ ಬರೆದಿರುವ ಅಂಕಿ, ಕ್ಯಾಬಿನೆಟ್‌ನ ಓಮ್, ಕೊಂಡ ರಸೀತಿ, ಈ ನಾಲ್ಕರ ಫೋಟೊ ತೆಗೆದಿಟ್ಟುಕೊಳ್ಳಿ. ಎರಡು ನಿಮಿಷದ ಕೆಲಸ.

ಅಷ್ಟರಲ್ಲಿ ನನಗೆ ತಾಳ್ಮೆ ಕೆಟ್ಟಿತ್ತು. ನೋಡಿದ್ದಕ್ಕೆ ಅಂತ ಆ ರಿಪೇರಿಯವರು ಕೇಳಿದಷ್ಟು ಕೊಟ್ಟು ಆಂಪ್ ವಾಪಸ್ ತಂದೆ. ಮುಚ್ಚಳದ ಎರಡು ಸ್ಕ್ರೂ ಮಾಯವಾಗಿದ್ದವು.

ಆ ರಾತ್ರಿ ನಕ್ಷೆ ಹರಡಿಕೊಂಡು ಕೂತೆ. ನನಗೆ ಎಲೆಕ್ಟ್ರಾನಿಕ್ಸ್ ಬರುವುದಿಲ್ಲ. ಆದರೂ ಇನ್‌ಪುಟ್ ಜ್ಯಾಕ್‌ನಿಂದ ಹೊರಟು ಸದ್ದು ಹೋಗುವ ದಾರಿಯ ಮೇಲೆ ಬೆರಳಿಟ್ಟುಕೊಂಡು ಹೋಗಬಹುದಲ್ಲ. ವಾಲ್ವ್ ದಾಟಿತು, ಬಾಸ್–ಟ್ರೆಬಲ್ ದಾಟಿತು, ಆಮೇಲೆ, ಸದ್ದಿಗೆ ಬಣ್ಣ ಕೊಡುವ ಪೆಡಲ್ ಜೋಡಿಸಲು ಹಿಂಭಾಗದಲ್ಲಿರುವ ಎಫೆಕ್ಟ್ಸ್ ಸೆಂಡ್ (ಹೊರಗೆ), ರಿಟರ್ನ್ (ಒಳಗೆ) ಜ್ಯಾಕ್‌ಗಳಿಗೆ ಹೋಗಿ, ಅಲ್ಲಿಂದ ಪವರ್ ಭಾಗಕ್ಕೆ. ಆ ಜ್ಯಾಕ್‌ಗಳನ್ನು ನಾನು ಒಂದು ದಿನವೂ ಬಳಸಿಲ್ಲ. ಏನೂ ಚುಚ್ಚಿಲ್ಲದಿದ್ದರೆ ರಿಟರ್ನ್ ಜ್ಯಾಕ್‌ನ ಒಳಗಿರುವ ಒಂದು ಸಣ್ಣ ಲೋಹದ ಎಲೆ ಸದ್ದನ್ನು ದಾಟಿಸುತ್ತದೆ. ಹದಿನೈದು ವರ್ಷ ಆ ಎಲೆಯ ಮೇಲೆ ಧೂಳು, ತೇವ, ಕಿಲುಬು. ಅಂಟಿದ್ದಾಗ ಸದ್ದು ಬರುತ್ತದೆ, ಇಲ್ಲದಿದ್ದರೆ ಇಲ್ಲ. ಜೋರಾಗಿ ಮೀಟಿದರೆ ಆ ಪದರ ಒಡೆದು ಮತ್ತೆ ಬರುತ್ತದೆ.

ಪೆಡಲ್‌ಗಳ ಮಧ್ಯೆ ಹಾಕುವ ಗೇಣುದ್ದದ ಕೇಬಲ್ ಒಂದು ಡ್ರಾಯರ್‌ನಲ್ಲಿ ಬಿದ್ದಿತ್ತು. ಸೆಂಡ್‌ನಿಂದ ರಿಟರ್ನ್‌ಗೆ ಚುಚ್ಚಿದೆ. ಒಂದು ಗಂಟೆ ನುಡಿಸಿದೆ. ಒಂದು ಸಲವೂ ಮುಳುಗಲಿಲ್ಲ. ಖುಷಿಗಿಂತ ನಾಚಿಕೆಯೇ ಜಾಸ್ತಿ ಆಯಿತು. ಎರಡು ತಿಂಗಳು!

ನಿಮ್ಮ ಆಂಪ್‌ಗೂ ಹೀಗೆ ಆದರೆ ಎಲ್ಲಕ್ಕಿಂತ ಮೊದಲು ಇದನ್ನು ಮಾಡಿ ನೋಡಿ. ಕೆಲವು ಆಂಪ್‌ಗಳಲ್ಲಿ ಎಫೆಕ್ಟ್ಸ್ ದಾರಿ ಪಕ್ಕದಲ್ಲಿ ಸಮಾನಾಂತರವಾಗಿ ಇರುತ್ತದೆ, ಅಲ್ಲಿ ಈ ಉಪಾಯ ನಡೆಯುವುದಿಲ್ಲ. ನಡೆದರೆ, ಕರೆಂಟಿನ ಪ್ಲಗ್ ಎಳೆದು, ಕಾಂಟ್ಯಾಕ್ಟ್ ಕ್ಲೀನರ್ ಅನ್ನು ಕೇಬಲ್‌ನ ತುದಿಗೆ ಸ್ವಲ್ಪ ಸಿಂಪಡಿಸಿ, ಜ್ಯಾಕ್‌ಗೆ ಇಪ್ಪತ್ತು ಸಲ ಹಾಕಿ ತೆಗೆಯಿರಿ. ಬಾಗಿಲಿನ ಕೀಲಿಗೆ ಹಾಕುವ ಎಣ್ಣೆ ಸ್ಪ್ರೇ ಬೇಡ, ಅದು ಅಂಟಾಗಿ ಉಳಿದು ಇನ್ನಷ್ಟು ಧೂಳು ಹಿಡಿಯುತ್ತದೆ. ತಿರುಗಿಸಿದರೆ ಕರಕರ ಅನ್ನುವ ವಾಲ್ಯೂಮ್ ನಾಬ್‌ಗೂ ಅದೇ ಕ್ಲೀನರ್.

ಇಲ್ಲಿಗೆ ನಿಂತಿದ್ದರೆ ಈ ಪುರಾಣ ಅರ್ಧ ಪುಟಕ್ಕೆ ಮುಗಿಯುತ್ತಿತ್ತು.

ಆಂಪ್ ಸರಿಹೋದ ಉಮೇದಿನಲ್ಲಿ, ಒಂದು ದೊಡ್ಡ ಕಾರ್ಯಕ್ರಮಕ್ಕೆ ಗೆಳೆಯನ ಹತ್ತಿರ ಇನ್ನೊಂದು ಕ್ಯಾಬಿನೆಟ್ ಕೇಳಿ ತಂದೆ. ನನ್ನ 8 ಓಮ್ ಕ್ಯಾಬಿನೆಟ್ ಒಂದಕ್ಕೇ ಹೆಡ್ ಪೂರ್ತಿ 300 ವ್ಯಾಟ್ ಕೊಡುವುದಿಲ್ಲ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೊಡುತ್ತದೆ ಅಷ್ಟೇ. ಆ ಬಾಕಿ ವ್ಯಾಟ್ ವಸೂಲು ಮಾಡಬೇಕು ಅನ್ನುವ ಆಸೆ. ಎರಡು 8 ಓಮ್ ಕ್ಯಾಬಿನೆಟ್ ಒಟ್ಟಿಗೆ ಹಾಕಿದರೆ 4 ಓಮ್ ಆಗುತ್ತದೆ, ಅದು ಸರಿ. ಆದರೆ ಗೆಳೆಯನದು 4 ಓಮ್ ಕ್ಯಾಬಿನೆಟ್. ನಾನು ಅದರ ಹಿಂಭಾಗದ ಸ್ಟಿಕ್ಕರ್ ನೋಡಲೇ ಇಲ್ಲ. 8 ಮತ್ತು 4 ಸೇರಿದರೆ 2.67 ಓಮ್. ಗುಣಿಸಿ 32, ಕೂಡಿಸಿ 12, ಒಂದನ್ನು ಇನ್ನೊಂದರಿಂದ ಭಾಗಿಸಿ, ಅಷ್ಟೇ ಲೆಕ್ಕ. ನನ್ನ ಹೆಡ್‌ನ ಹಿಂದೆ "ಕನಿಷ್ಠ 4 ಓಮ್" ಅಂತ ದಪ್ಪಕ್ಷರದಲ್ಲೇ ಇತ್ತು. ಓಮ್ ಕಡಿಮೆಯಾದಷ್ಟೂ ಟ್ರಾನ್ಸಿಸ್ಟರ್‌ಗಳಿಂದ ಕರೆಂಟ್ ಎಳೆಯುವುದು ಜಾಸ್ತಿ, ಬಿಸಿಯೂ ಜಾಸ್ತಿ.

ಇದರ ಜೊತೆ ಇನ್ನೊಂದು. ಎರಡನೇ ಕ್ಯಾಬಿನೆಟ್‌ಗೆ ಸ್ಪೀಕರ್ ಕೇಬಲ್ ಇರಲಿಲ್ಲ ಅಂತ ಗಿಟಾರ್ ಕೇಬಲ್ ಚುಚ್ಚಿದೆ. ತುದಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಗಿಟಾರ್ ಕೇಬಲ್‌ನ ಒಳಗೆ ಕೂದಲೆಳೆಯಂಥ ತಂತಿ, ಸುತ್ತಲೂ ಜಾಲರಿ. ಸ್ಪೀಕರ್ ಕೇಬಲ್‌ನಲ್ಲಿ ಎರಡು ದಪ್ಪ ತಂತಿ. ನುಡಿಸಿದ ಮೇಲೆ ಮುಟ್ಟಿದರೆ ಆ ಕೇಬಲ್‌ನ ತಲೆ ಕೈಗೆ ಬಿಸಿ ಹತ್ತುವಷ್ಟು ಕಾದಿತ್ತು. ತಿರುಗಿಸಿ ಲಾಕ್ ಮಾಡುವ ಸ್ಪೀಕಾನ್ ಸಾಕೆಟ್ ಇದ್ದರೆ ಅದನ್ನೇ ಬಳಸಿ. ಗಿಟಾರ್ ಕೇಬಲ್ ಅದಕ್ಕೆ ಹೋಗುವುದೇ ಇಲ್ಲ, ಹಾಗಾಗಿ ನನ್ನಂಥವರ ಕೈಯಿಂದಲೂ ಈ ತಪ್ಪು ಆಗುವುದಿಲ್ಲ.

ಅಂದು ಸುಮಾರು 40 ನಿಮಿಷ ನುಡಿಸಿದ್ದೆ. ಟಪ್ ಅಂತ ಒಂದು ಸಣ್ಣ ಸದ್ದು, ಆಮೇಲೆ ಏನೂ ಇಲ್ಲ. ದೀಪವೂ ಇಲ್ಲ. ಉಳಿದ ಹಾಡುಗಳಿಗೆ ಬೇಸ್ ಅನ್ನು ನೇರವಾಗಿ ಮಿಕ್ಸರ್‌ಗೆ ಹಾಕಿಕೊಟ್ಟರು. ಕೇಳುತ್ತಿದ್ದವರಿಗೆ ಏನೂ ಗೊತ್ತಾಗಲಿಲ್ಲ. ಅದು ಬೇರೆಯೇ ಥರದ ನೋವು ಬಿಡಿ. ಇನ್ನೊಂದು ವಿಷಯ ಆಮೇಲೆ ತಿಳಿಯಿತು. ವ್ಯಾಟ್ ದುಪ್ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್, ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಯಾವ ವ್ಯಾಟ್‌ಗೆ ಆಸೆಪಟ್ಟು ಆಂಪ್ ಸುಟ್ಟೆನೋ, ಅದು ಸಿಕ್ಕಿದ್ದರೂ ಅಂಥ ವ್ಯತ್ಯಾಸ ಆಗುತ್ತಿರಲಿಲ್ಲ.

ಮನೆಗೆ ಬಂದು ಫ್ಯೂಸ್ ಬದಲಾಯಿಸಿದೆ. ಆನ್ ಮಾಡಿದ ಕೂಡಲೇ ಅದೂ ಹೋಯಿತು. ಇಲ್ಲಿ ಮಾತ್ರ ನಾನು ಬುದ್ಧಿವಂತನಾದೆ, ಮೂರನೆಯದು ಹಾಕಲಿಲ್ಲ. ದೊಡ್ಡ ಅಂಕಿಯ ಫ್ಯೂಸ್ ಹಾಕು ಅಂತ ಯಾರೋ ಹೇಳಿದರು, ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅಂಕಿಯ ಪಕ್ಕ ಟಿ ಅಂತ ಇದ್ದರೆ ಅದು ನಿಧಾನಕ್ಕೆ ಸುಡುವ ಬಗೆ, ಅದೇ ಬಗೆಯದು ಅದೇ ಅಂಕಿಯದು ಹಾಕಬೇಕು. ಹೊಸದೂ ತಕ್ಷಣ ಹೋದರೆ ಒಳಗೇನೋ ಶಾರ್ಟ್ ಆಗಿದೆ ಅಂತಲೇ ಅರ್ಥ.

ಎರಡನೇ ರಿಪೇರಿಯವರು ವಯಸ್ಸಾದವರು. ಅವರ ಕೆಲಸ ನೋಡುತ್ತ ಕೂತಿದ್ದೇ ಈ ಐದು ತಿಂಗಳಲ್ಲಿ ನನಗೆ ಸಿಕ್ಕ ಲಾಭ. ಆಂಪ್ ಮುಟ್ಟುವ ಮೊದಲು ಕೇಳಿದರು: ಯಾವ ಕ್ಯಾಬಿನೆಟ್ ಹಾಕಿದ್ರಿ, ಎಷ್ಟು ಹೊತ್ತು ನುಡಿಸಿದ್ರಿ, ಯಾವ ಕೇಬಲ್, ಮೊದಲು ಯಾರಾದರೂ ಬಿಚ್ಚಿದ್ದಾರಾ, ಇದಕ್ಕೂ ಮುಂಚೆ ಏನಾದರೂ ಸದ್ದು ಬರ್ತಿತ್ತಾ? ಒಂದೊಂದನ್ನೂ ಕಾರ್ಡಿನಲ್ಲಿ ಬರೆದುಕೊಂಡರು. ನಾನು ಕೇಬಲ್ ವಿಷಯ ನುಂಗಿಕೊಳ್ಳಲು ನೋಡಿದೆ. "ಹೇಳಿಬಿಡಿ, ಬಿಚ್ಚಿದ ಮೇಲೆ ನನಗೆ ಗೊತ್ತಾಗೇ ಆಗುತ್ತೆ" ಅಂದರು.

ಆಮೇಲೆ ಮರದ ಹಲಗೆಯೊಂದನ್ನು ಎಳೆದರು. ಅದರ ಮೇಲೆ ಒಂದು ಹಳೇ ಕಾಲದ 100 ವ್ಯಾಟ್ ಬಲ್ಬ್, ಒಂದು ಸಾಕೆಟ್. ಕರೆಂಟ್ ಬಲ್ಬ್ ದಾಟಿಯೇ ಆಂಪ್‌ಗೆ ಹೋಗಬೇಕು, ಹಾಗೆ ಜೋಡಿಸಿದ್ದರು. ಫ್ಯೂಸ್ ಹಾಕಿ ಸ್ವಿಚ್ ಒತ್ತಿದರು. ಬಲ್ಬ್ ಪೂರ್ತಿ ಬೆಳಕಿನಲ್ಲಿ ಉರಿಯಿತು, ಹಾಗೇ ಉರಿಯುತ್ತಲೇ ಇತ್ತು. "ನೋಡಿ, ಇಷ್ಟೂ ಒಳಗೆ ಶಾರ್ಟು. ಆಂಪ್ ಸರಿ ಇದ್ದಿದ್ರೆ ಒಂದು ಸಲ ಮಿಂಚಿ ಮಂಕಾಗಬೇಕಿತ್ತು." ಫ್ಯೂಸ್ ಉಳಿಯಿತು, ಉಳಿದ ಭಾಗಗಳೂ ಉಳಿದವು. ಅಷ್ಟು ಸರಳವಾದ ಪರೀಕ್ಷೆ.

ಪವರ್ ಟ್ರಾನ್ಸಿಸ್ಟರ್‌ಗಳಲ್ಲಿ ಎರಡು ಸುಟ್ಟಿದ್ದವು. ಫ್ಯಾನ್ ಮತ್ತು ಬಿಸಿ ಹೊರಹಾಕುವ ಅಲ್ಯೂಮಿನಿಯಂ ರೆಕ್ಕೆಗಳ ಮಧ್ಯೆ ಕಂಬಳಿಯಷ್ಟು ಧೂಳು. ಓಮ್ ತಪ್ಪು ನನ್ನದೇ, ಆದರೆ ಆ ಧೂಳಿಲ್ಲದಿದ್ದರೆ ಆಂಪ್ ತಾನೇ ಆಫ್ ಆಗಿ ಬಚಾವಾಗುವ ಸಾಧ್ಯತೆ ಇತ್ತು ಅಂದರು. ಬಿಡಿಭಾಗಕ್ಕೆ ಐದು ವಾರ ಕಾಯಬೇಕಾಯಿತು. ಬೇಗ ಸಿಗುವ ಅಗ್ಗದ್ದು ಇತ್ತು, ಅವರೇ ಬೇಡ ಅಂದರು. ಪವರ್ ಟ್ರಾನ್ಸಿಸ್ಟರ್‌ಗಳಲ್ಲಿ ನಕಲಿ ಮಾಲು ಬಹಳ, ಮೇಲೆ ಅದೇ ನಂಬರ್ ಮುದ್ರಿಸಿರುತ್ತಾರೆ, ಒಳಗಿನ ಸಿಲಿಕಾನ್ ತುಣುಕು ಚಿಕ್ಕದು, ಜೋರಾಗಿ ನುಡಿಸಿದ ದಿನ ಹೋಗುತ್ತದೆ.

ಆ ಐದು ವಾರ ಸುಮ್ನೆ ಕೂರಬೇಡಿ, ಕ್ಯಾಬಿನೆಟ್ ನೋಡಿ ಅಂದರು. ಟ್ರಾನ್ಸಿಸ್ಟರ್ ಸುಡುವಾಗ ಕೆಲವು ಸಲ ಸ್ಪೀಕರ್ ಕಾಯಿಲ್ ಕೂಡ ಸುಟ್ಟುಕೊಂಡೇ ಹೋಗುತ್ತದಂತೆ. ಮಲ್ಟಿಮೀಟರ್ ಹಿಡಿದೆ. 8 ಓಮ್ ಕ್ಯಾಬಿನೆಟ್ ಮೀಟರ್‌ನಲ್ಲಿ 6ರ ಆಸುಪಾಸು ತೋರಿಸಬೇಕು. ನನ್ನದು 12 ದಾಟಿತ್ತು. ಮುಂದಿನ ಜಾಲರಿ ಬಿಚ್ಚಿ, ಸ್ಪೀಕರ್ ಒಂದೊಂದಾಗಿ ಹೊರಗೆಳೆದೆ. ಕೆಳಗಿನ ಎಡಗಡೆಯದರ ತಗಡಿನ ಕ್ಲಿಪ್ ಕಳಚಿ ನೇತಾಡುತ್ತಿತ್ತು. ಎರಡೆರಡು ಸ್ಪೀಕರ್ ಸಾಲಾಗಿ, ಆ ಎರಡು ಸಾಲು ಜೊತೆಯಾಗಿ ಇರುವುದರಿಂದ ಒಂದು ಕಳಚಿದರೆ ಅದರ ಜೋಡಿಯೂ ಮೂಕ. ನಾಲ್ಕರಲ್ಲಿ ಎರಡೇ ಹಾಡುತ್ತಿದ್ದವು! ಎಷ್ಟು ದಿನದಿಂದ ಅಂತ ದೇವರಿಗೇ ಗೊತ್ತು. ಕ್ಲಿಪ್ ಇಕ್ಕಳದಿಂದ ಸ್ವಲ್ಪ ಬಿಗಿ ಮಾಡಿ ಸಿಕ್ಕಿಸಿದೆ. ಖರ್ಚು ಸೊನ್ನೆ. 9 ವೋಲ್ಟ್ ಬ್ಯಾಟರಿಯನ್ನು ಒಂದು ಕ್ಷಣ ಮುಟ್ಟಿಸಿದಾಗ ನಾಲ್ಕೂ ಕೋನ್ ಒಟ್ಟಿಗೆ ಮುಂದಕ್ಕೆ ಬಂದವು. ಒಂದು ಹಿಂದಕ್ಕೆ ಹೋಗಿದ್ದರೆ ಅದರ ತಂತಿ ಅದಲುಬದಲಾಗಿದೆ ಅಂತ ಲೆಕ್ಕ.

ಟ್ರಾನ್ಸಿಸ್ಟರ್ ಬಂದವು, ಬಲ್ಬ್ ಮಿಂಚಿ ಮಂಕಾಯಿತು, ಆಂಪ್‌ಗೆ ಜೀವ ಬಂತು. ಮನೆಗೆ ಒಯ್ಯಲು ಎದ್ದೆ. ಅವರು ಕೈ ಅಡ್ಡ ಹಿಡಿದರು. "ಆ ಗುಂಯ್ ಅನ್ನೋದು ಕೇಳಿಸ್ತಿಲ್ವಾ ನಿಮಗೆ?"

ಕೇಳಿಸುತ್ತಿತ್ತು. ಕೊಂಡಾಗಿನಿಂದ ಕೇಳಿಸುತ್ತಿತ್ತು. ಹಳೇ ಆಂಪ್, ಇಷ್ಟು ಇರುತ್ತೆ ಅಂದುಕೊಂಡಿದ್ದೆ. ವಾಲ್ಯೂಮ್ ಸೊನ್ನೆ ಮಾಡಿದರು, ಸದ್ದು ಅಷ್ಟೇ ಇತ್ತು. ಅಂದರೆ ಬೇಸ್‌ನಿಂದ, ಕೇಬಲ್‌ನಿಂದ ಬರುತ್ತಿಲ್ಲ, ವಾಲ್ಯೂಮ್ ಆದಮೇಲಿನ ಭಾಗದ್ದು. "ಬೇಸ್ ಟ್ಯೂನ್ ಆಗಿದ್ಯಾ? ವಾಲ್ಯೂಮ್ ಸ್ವಲ್ಪ ಕೊಡಿ. ಜಿ ತಂತಿ ಖಾಲಿ ಮೀಟಿ." ಬೆರಳು ಎಲ್ಲೂ ಒತ್ತದೆ ಮೀಟಿದೆ. ತಂತಿಯ ಸ್ವರ, ಆಂಪ್‌ನ ಗುಂಯ್ ಎರಡೂ ಸೇರಿ ವ್ಹಾಂ ವ್ಹಾಂ ಅಂತ ತೂಗಿದವು, ಸೆಕೆಂಡಿಗೆ ಎರಡು ಸಲ. ನಾನು ಮತ್ತೆ ಮತ್ತೆ ಮೀಟಿದೆ. ಜಿ ತಂತಿ 98 ಹರ್ಟ್ಸ್, ಅಂದರೆ ಸೆಕೆಂಡಿಗೆ 98 ಕಂಪನ. ಆಂಪ್‌ನ ಗುಂಯ್ 100. ಎರಡರ ಮಧ್ಯದ ವ್ಯತ್ಯಾಸ ಎರಡು, ಅದೇ ಸೆಕೆಂಡಿಗೆ ಎರಡು ಸಲದ ಈ ತೂಗಾಟ.

ಮನೆಯ ಕರೆಂಟ್ 50 ಹರ್ಟ್ಸ್ ಇರುವ ಕಡೆ, ಅದನ್ನು ಡಿಸಿ ಮಾಡುವಾಗ ಬರುವ ಅಲೆ ಎರಡರಷ್ಟು, 100 ಹರ್ಟ್ಸ್. ಆ ಅಲೆಯನ್ನು ಸಪಾಟು ಮಾಡುವುದು ದೊಡ್ಡ ಕೆಪಾಸಿಟರ್‌ಗಳ ಕೆಲಸ, ವರ್ಷಗಳು ಕಳೆದಂತೆ ಅವು ಒಣಗುತ್ತವೆ. ಗುಂಯ್ 50ರಲ್ಲೇ ಇದ್ದರೆ, ಅಂದರೆ ದಪ್ಪ ಇ ತಂತಿಯ ಮೂರನೇ ಫ್ರೆಟ್‌ನ ಹತ್ತಿರ ಇದ್ದರೆ, ಅರ್ಥಿಂಗ್ ಅಥವಾ ಕೇಬಲ್ ಕಡೆ ನೋಡಬೇಕು. ಮಿಕ್ಸರ್‌ಗೆ ಜೋಡಿಸಿದಾಗ ಮಾತ್ರ ಬಂದರೆ ಆಂಪ್‌ನಿಂದ ಮಿಕ್ಸರ್‌ಗೆ ಸದ್ದು ಕಳಿಸುವ ಡಿಐ ಸಾಕೆಟ್ ಪಕ್ಕದ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಗುಂಯ್ ಹೋಗಿಸಲು ಪ್ಲಗ್‌ನ ಅರ್ಥ್ ಪಿನ್ ಕೀಳುವವರಿದ್ದಾರೆ, ದಯವಿಟ್ಟು ಬೇಡ. ಪ್ರಾಣ ಹೋಗುತ್ತದೆ. ಕರೆಂಟ್ 60 ಹರ್ಟ್ಸ್ ಇರುವ ದೇಶದಲ್ಲಿದ್ದರೆ ಈ ಅಂಕಿಗಳು 60 ಮತ್ತು 120.

ಎರಡು ಕೆಪಾಸಿಟರ್ ಬದಲಾದವು. ಅದಕ್ಕೆ ಮತ್ತೆ ಒಂದು ವಾರ. ಬಿಚ್ಚುವ ಮೊದಲು ಒಂದು ರೆಸಿಸ್ಟರ್ ಹಿಡಿದು ಅವುಗಳಲ್ಲಿ ಉಳಿದಿದ್ದ ಚಾರ್ಜ್ ಇಳಿಸಿದರು. ಪ್ಲಗ್ ಎಳೆದು ಅರ್ಧ ಗಂಟೆಯಾಗಿತ್ತು, ಆದರೂ ಮೀಟರ್ ಇನ್ನೂ ಅಂಕಿ ತೋರಿಸುತ್ತಿತ್ತು. ಪೂರ್ತಿ ವಾಲ್ವ್ ಆಂಪ್‌ಗಳಲ್ಲಿ ಇದು 400 ವೋಲ್ಟ್‌ಗೂ ಮೇಲೆ ಇರಬಹುದು. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿಯಂಥ 300 ವ್ಯಾಟ್ ವಾಲ್ವ್ ಹೆಡ್ ನಿಮ್ಮ ಹತ್ತಿರ ಇದ್ದರೆ ಮುಚ್ಚಳ ತೆಗೆಯುವ ಯೋಚನೆಯನ್ನೇ ಬಿಡಿ. ಅಂಥವನ್ನು ಸ್ಪೀಕರ್ ಜೋಡಿಸದೆ ನುಡಿಸಲೂಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಅದರ ಬೆಲೆಯ ಮುಂದೆ ನನ್ನ ಖರ್ಚು ಏನೂ ಅಲ್ಲ.

ಬಿಲ್ಲಿನಲ್ಲಿ ಅವರು ಹಾಕಿದ್ದು ಮೊದಲಿನವರು ಬೋರ್ಡಿಗೆ ಕೇಳಿದ್ದಕ್ಕಿಂತ ಕಡಿಮೆ. ತೆಗೆದ ಹಳೇ ಭಾಗಗಳನ್ನೂ ಒಂದು ಚೀಲದಲ್ಲಿ ಹಾಕಿ ಕೊಟ್ಟರು. ನಾನು ಕೇಳಿರಲಿಲ್ಲ, ನೀವು ಕೇಳಿ.

ಮನೆಗೆ ತಂದು ಮೊದಲು ಮೀಟಿದ್ದು ಜಿ ತಂತಿ. ಬರೀ ಜಿ. ಆಮೇಲೆ ಒಂದೊಂದೇ ಸ್ವರ ಇಳಿಯುತ್ತ ಬಂದೆ. ಖಾಲಿ ಎ ತಂತಿಗೆ, 55 ಹರ್ಟ್ಸ್‌ನಲ್ಲಿ, ಗರ್ರ್ ಅಂತ ಒಂದು ಒಡಕು ಸದ್ದು. ಎದೆ ಧಸಕ್ಕೆಂದಿತು. ಕ್ಯಾಬಿನೆಟ್‌ನ ಹಿಡಿ ಬಿಗಿ ಮಾಡಿದೆ, ಜಾಲರಿಯ ಸ್ಕ್ರೂ ಬಿಗಿ ಮಾಡಿದೆ, ಸ್ಪೀಕರ್‌ಗಳ ಅಂಚಿಗೆ ಬೆರಳಿಟ್ಟು ನೋಡಿದೆ. ಗರ್ರ್ ಹಾಗೇ ಇತ್ತು. ಕೊನೆಗೆ ತಂತಿ ಮೀಟಿ, ಬೇಸ್ ಕೆಳಗಿಟ್ಟು, ಕೋಣೆಯಲ್ಲಿ ಕಿವಿಗೊಟ್ಟು ಸುತ್ತು ಹಾಕಿದೆ. ಕಿಟಕಿಯ ಗಾಜು. ಚೌಕಟ್ಟಿನ ಸಂದಿಗೆ ಹಳೇ ಫ್ಯೂಸ್ ಡಬ್ಬಿಯ ರಟ್ಟು ಮಡಚಿ ತುರುಕಿದೆ, ನಿಂತಿತು.